ಎಡಗೈಯ ರೂಢಿ

ವತ್ಸಲಾ ಮೇಡಂ ತಮ್ಮ ಮನೆಯ ಬೀಗವನ್ನು ಎಡಗೈಯಲ್ಲೇ ತೆಗೆಯುತ್ತಿದ್ದರು. ಕೀಲಿಕೈ ತೂತಿನ ಸುತ್ತ ತಡವರಿಸುತ್ತಿತ್ತು, ಕೆಲವೊಮ್ಮೆ ಕೆಳಗೆ ಬೀಳುತ್ತಿತ್ತು. ಬಲಗೈ ಮಾತ್ರ ತರಗತಿಯ ಹೊರಗೆ ನಿಲ್ಲಿಸಿದ ಹುಡುಗನ ಹಾಗೆ ಸುಮ್ಮನೆ ಜೋತುಬಿದ್ದಿರುತ್ತಿತ್ತು. ಅಹಮದಾಬಾದಿನ ಬೋಡಕ್‌ದೇವ್‌ನಲ್ಲಿರುವ ನಮ್ಮ ಅಪಾರ್ಟ್‌ಮೆಂಟಿನ ವಾಚ್‌ಮನ್ ಒಮ್ಮೆ ಕನಿಕರದಿಂದ, "ಬೆನ್, ಜಮಣಾ ಹಾಥೇ ಶುಂ ಥಯುಂ?" ಎಂದು ಕೇಳಿದ. ಬಲಗೈಗೆ ಏನೂ ಆಗಿಲ್ಲ, ಮೆದುಳಿಗೆ ಏನೂ ಆಗಬಾರದು ಅಂತ ಹೀಗೆ ಎಂದು ಅವನಿಗೆ ಹಿಂದಿಯಲ್ಲಿ ಪಾಠವನ್ನೇ ಮಾಡಿದರು. ಮರುದಿನದಿಂದ ಅವನು ಅವರಿಗೆ ಎಡಗೈಯಲ್ಲಿ ಸಲಾಮು ಹೊಡೆಯತೊಡಗಿದ. ಗೌರವವೋ ಕುಚೋದ್ಯವೋ, ಅವನಿಗೇ ಗೊತ್ತು.

ಮೇಡಂ ಧಾರವಾಡದವರು. ಇಲ್ಲಿನ ಮೆಡಿಕಲ್ ಕಾಲೇಜಿನಲ್ಲಿ ಮೆದುಳಿನ ಪಾಠ ಹೇಳಿ ನಿವೃತ್ತರಾದವರು. ಗಂಡನ ಬ್ಯಾಂಕಿನ ವರ್ಗಾವಣೆ ಅವರನ್ನು ಅಹಮದಾಬಾದಿಗೆ ತಂದಿತ್ತು. ಗಂಡ ತೀರಿಕೊಂಡ ಮೇಲೂ ಇಲ್ಲೇ ಉಳಿದರು. ನಾವು ಮೈಸೂರಿನಿಂದ ಬಂದು ಎದುರು ಮನೆ ಸೇರಿದ್ದು ಅವರ ಗಂಡ ಇನ್ನೂ ಇದ್ದಾಗಲೇ. ಆ ದಿನ ಅವರ ಕನ್ನಡ ಕೇಳಿ ನಾನು ಅತ್ತುಬಿಟ್ಟೆನಂತೆ. ನನಗೆ ನೆನಪಿಲ್ಲ. ಅವರೇ ಹೇಳುತ್ತಿದ್ದರು: "ನೆನಪು ತಗದಾಗೊಮ್ಮೆ ಮೆದುಳು ಅದನ್ನ ಹೊಸದಾಗಿ ಕಟ್ಟತದ್ರೀ. ಪೂರಾ ನಂಬಬ್ಯಾಡ್ರಿ." ಹಾಗಿದ್ದರೆ ನಾನು ಅತ್ತದ್ದನ್ನು ಕಟ್ಟಿದ್ದು ಯಾರ ಮೆದುಳು?

ಎಡಗೈಯಲ್ಲಿ ಹಲ್ಲುಜ್ಜುವುದು, ಚಹಾ ಸೋಸುವುದು, ಮುಖಕ್ಕೆ ತಣ್ಣೀರು ಎರಚಿಕೊಳ್ಳುವುದು, ಫೋನ್ ಎತ್ತುವ ಮುನ್ನ ಒಂದು ಉದ್ದ ಉಸಿರು ಬಿಡುವುದು. ಊಟ ಒಂದನ್ನು ಬಿಟ್ಟು ಎಲ್ಲದಕ್ಕೂ ಒಂದು ಅಭ್ಯಾಸವಿತ್ತು. "ದಿನಾ ಸಣ್ಣ ತ್ರಾಸು ಕೊಟ್ರ, ದೊಡ್ಡದು ಬಂದಾಗ ಮೆದುಳು ಅಂಜಂಗಿಲ್ಲ. ನಡದಲ್ಲೇ ಹಾದಿ ಬೀಳೂದು." ಗಂಡನನ್ನು ಕಳೆದುಕೊಂಡಾಗ ಇದೇ ತಮ್ಮನ್ನು ಎತ್ತಿ ನಿಲ್ಲಿಸಿತು ಎನ್ನುತ್ತಿದ್ದರು. ಅದು ಸುಳ್ಳಲ್ಲ, ಅವರು ನಿಂತದ್ದನ್ನು ನಾನೇ ನೋಡಿದ್ದೆ.

ಒಬ್ಬಳೇ ಮಗಳು ಶ್ರುತಿ. ಇಲ್ಲೇ ಬೆಳೆದವಳು, ಮದುವೆಯಾಗಿ ಸೂರತ್ತಿನ ಅಡಾಜಣ್‌ನಲ್ಲಿದ್ದಳು. ಒಂದು ಸಲ ತವರಿಗೆ ಬಂದವಳು ನನ್ನೆದುರಿಗೇ ಹೇಳಿದಳು: "ಅಮ್ಮಾ, ನಾನು ವಾಪಸ್ ಹೋಗಲ್ಲ. ಅವನಿಗೆ ಗುಸ್ಸಾ ಬಂದ್ರೆ ಪ್ಲೇಟ್ ಎಸೀತಾನೆ."

"ಎಸೀಲಿ. ಆ ಹೊತ್ತಿಗೆ ನೀ ಉದ್ದಕ ಉಸಿರು ಬಿಡು. ಎದಿ ಬಡಿತ ಇಳೀತದ, ಬುದ್ಧಿ ಹತೋಟಿಗೆ ಬರ್ತದ."

"ಪ್ಲೇಟ್ ಎಸೆಯೋದು ಅವನು. ಬ್ರೀದಿಂಗ್ ನಾನ್ಯಾಕೆ ಮಾಡ್ಬೇಕು?"

"ಯಾಕಂದ್ರ ನಿನ್ನ ಮೆದುಳು ನಿನ್ನ ಕೈಯಾಗ ಅದ, ಅವಂದು ಇಲ್ಲ. ಸ್ವಲ್ಪ ದಿನ ರೂಢಿ ಮಾಡಿ ನೋಡು, ಪುಟ್ಟಿ. ಆಮ್ಯಾಲ ಮಾತಾಡೋಣು."

ಶ್ರುತಿ ನಕ್ಕಳು. ಆ ನಗುವನ್ನು ನಾನು ಈಗ ಬೇರೆ ಥರ ಕೇಳಿಸಿಕೊಳ್ಳುತ್ತೇನೆ. ಆಗ ಹೇಗೆ ಕೇಳಿತ್ತೋ, ಅದು ನೆನಪಿಗೆ ಸಿಗುತ್ತಿಲ್ಲ.

ಅವಳು ಸೂರತ್ತಿಗೆ ಮರಳಿದಳು. ದಿನಾ ಬೆಳಿಗ್ಗೆ ನಮ್ಮಲ್ಲಿ ಚಹಾ ಕುಡಿಯುತ್ತ ತಾಯಿ ಸ್ಪೀಕರಿನಲ್ಲಿ ಫೋನ್ ಮಾಡುತ್ತಿದ್ದರು. ಅತ್ತಲಿಂದ ನಿಂತ ನೀರಿನ ಹಾಗೆ ದನಿ: "ಆರಾಮಿದ್ದೀನಿ ಅಮ್ಮಾ." ಮೇಡಂ ನನ್ನ ಕಡೆ ತಿರುಗಿ ಹುಬ್ಬೇರಿಸುತ್ತಿದ್ದರು. "ಕೇಳಿದ್ರಿಲ್ಲ? ದನಿಯೊಳಗ ಒಂದ್ ಸ್ವಲ್ಪನೂ ನಡುಕ ಇಲ್ಲ."

ಕಳೆದ ವರ್ಷ ನಮ್ಮ ಪರಿಚಯದವರ ಮನೆಯ ಮದುವೆಗೆಂದು ಸೂರತ್ತಿಗೆ ಹೋದ ಮೇಡಂ ಮತ್ತು ನಾನು, ಹೇಳದೆ ಕೇಳದೆ ಅಡಾಜಣ್‌ಗೆ ಆಟೋ ಹಿಡಿದೆವು. ಬಾಗಿಲು ತೆಗೆದವಳು ಶ್ರುತಿ. ಬಲಗೈ ಮೊಣಕೈವರೆಗೆ ಪ್ಲಾಸ್ಟರಿನಲ್ಲಿತ್ತು. ಗಂಡ ಮನೆಯಲ್ಲಿರಲಿಲ್ಲ. ಏನಾಯಿತೆಂದು ನಾವು ಕೇಳುವ ಮೊದಲೇ ಒಳಗೆ ಹೋಗಿ ಚಹಾ ಇಟ್ಟಳು. ಎಡಗೈಯಲ್ಲಿ ಪಾತ್ರೆ ಎತ್ತಿ, ಸೋಸಿ, ಒಂದು ಹನಿಯೂ ಚೆಲ್ಲದೆ ತಂದಿಟ್ಟಳು. "ಎಷ್ಟ ಚಲೋ ರೂಢಿ ಆಗೇದ!" ಎಂದು ಮೇಡಂ ಬಾಯಿಂದ ಬಂದುಹೋಯಿತು. ಬಂತೇ? ನನ್ನ ನೆನಪು ಹಾಗೆಂದು ಹಟ ಹಿಡಿಯುತ್ತದೆ. ಅಷ್ಟು ಸರಿಯಾಗಿ ಹೊಂದಿಕೊಳ್ಳುವ ಮಾತನ್ನು ನಾನು ನಂಬುವುದಿಲ್ಲ. ಆದರೆ ಶ್ರುತಿಯ ಉತ್ತರ ನನ್ನ ಕಿವಿಯಲ್ಲೇ ಇದೆ.

"ಬಾತ್‌ರೂಮಲ್ಲಿ ಬಿದ್ದೆ ಅಂತ ಎಲ್ಲರಿಗೂ ಹೇಳಿದೀನಿ. ನಿಂಗೂ ಅದೇ ಹೇಳ್ಲಾ? ಕೈ ತಿರುಚಿದ್ದು ಅವನು. ಮರುದಿನ ಬೆಳಿಗ್ಗೆ ನಿನ್ ಜೊತೆ ಫೋನಲ್ಲಿ ಮಾತಾಡಿದೆ ಅಮ್ಮಾ. ನೀನು ಕಲಿಸಿದ ಹಾಗೇ, ಫಸ್ಟ್ ಉಸಿರು ಬಿಟ್ಟು. ಗೊತ್ತಾಯ್ತಾ ನಿಂಗೆ?"

ಮೇಡಂ ಕಪ್ಪು ಮುಟ್ಟದೆ ಎದ್ದು ಅಲಮಾರಿಯಿಂದ ಮಗಳ ಬಟ್ಟೆ ತೆಗೆಯತೊಡಗಿದರು. 

ಅವಳ ಚೀಲ ಕಟ್ಟಿ, ಮೂವರೂ ಅಹಮದಾಬಾದಿನ ರೈಲು ಹತ್ತಿದೆವು. ರೈಲು ವಡೋದರಾದಲ್ಲಿ ನಿಂತಾಗ ಶ್ರುತಿ ಎದ್ದಳು. ಅಲ್ಲಿ ಅವಳ ಕಾಲೇಜು ಗೆಳತಿಯಿದ್ದಳು. ಸೆರಗು ಹಿಡಿಯುವ ಮಗುವಿನ ಹಾಗೆ ತಾಯಿ ಕೈ ಚಾಚಿದರು: "ಮನಿಗೆ ನಡಿಯವಾ."

"ಬೇಡಮ್ಮಾ. ಅಲ್ಲಿ ಬಂದ್ರೆ ಮತ್ತೇನಾದ್ರೂ ಪ್ರಾಕ್ಟೀಸ್ ಮಾಡಿಸ್ತೀಯ."

ಚೀಲವನ್ನು ಎಡ ಹೆಗಲಿಗೆ ಏರಿಸಿಕೊಂಡು ಇಳಿದಳು. ತಿರುಗಿ ನೋಡಲಿಲ್ಲ.

ಆಮೇಲೆ ಬೆಳಗಿನ ಫೋನು ಬರೀ ರಿಂಗ್ ಆಗುತ್ತಿತ್ತು. ಮೇಡಂ ನಮಗೆ ಅಭ್ಯಾಸಗಳನ್ನು ಹೇಳಿಕೊಡುವುದನ್ನೇ ಬಿಟ್ಟರು. ಫ್ಲ್ಯಾಟು ಖಾಲಿ ಮಾಡಿ ಧಾರವಾಡದ ತಂಗಿಯ ಮನೆಗೆ ಹೊರಟ ದಿನ ನಮ್ಮಲ್ಲಿ ಚಹಾ ಕುಡಿಯುತ್ತ ಕೊನೆಯ ಸಲವೆಂಬಂತೆ ನಂಬರ್ ಒತ್ತಿದರು. ಅವತ್ತು ಶ್ರುತಿ ಎತ್ತಿದಳು. ಸ್ಪೀಕರಿನಲ್ಲಿ ನಾನೂ ಕೇಳಿದೆ. ಕೆಲಸ ಸಿಕ್ಕಿದೆ, ರೂಮು ಸಿಕ್ಕಿದೆ. "ಆರಾಮಿದ್ದೀನಿ ಅಮ್ಮಾ." ಅದೇ ದನಿ, ನಿಂತ ನೀರು.

ಮೇಡಂ ಫೋನನ್ನು ಮೇಜಿನ ಮೇಲೆ ಮಗುಚಿಟ್ಟರು.

"ಖರೇನ ಆರಾಮ ಇದ್ರೂ ಇದ ದನಿ, ಇಲ್ಲದಿದ್ರೂ ಇದ ದನಿ. ಇನ್ನ ನನಗ ಹೆಂಗ ತಿಳೀಬೇಕ್ರೀ?"

ಕೆಳಗೆ ಟ್ಯಾಕ್ಸಿ ಹಾರ್ನ್ ಹೊಡೆಯಿತು. ಅವರು ಎದ್ದು ಹೋಗಿ ತಮ್ಮ ಬಾಗಿಲು ಎಳೆದುಕೊಂಡರು. ಎಡಗೈಯಲ್ಲಿದ್ದ ಕೀಲಿಕೈಯನ್ನು ನೋಡಿ, ಬಲಗೈಗೆ ಬದಲಿಸಿದರು. ಬೀಗ ಒಂದೇ ಸಲಕ್ಕೆ ಬಿತ್ತು.