ನಾಲ್ಕು ಸೆಂಟಿಮೀಟರ್ ಮೇಲೆ

ಸೋಚಾ ನದಿಯ ಮೇಲ್ಕಣಿವೆಯಲ್ಲಿ ಬೇಟೆಗಾರರಿಗೇನೂ ಬರವಿಲ್ಲ. ಕೋವಿ ಹಿಡಿಯಬಲ್ಲವರು ಮನೆಗೊಬ್ಬರಿದ್ದರೆ, ಹೊಡೆದದ್ದನ್ನು ಎರಡರಷ್ಟು ಮಾಡಿ ಹೇಳಬಲ್ಲವರು ಮನೆಗಿಬ್ಬರಿದ್ದಾರೆ. ಆದರೆ ಕೋವಿಯ ಮೇಲಿನ ದುರ್ಬೀನನ್ನು ಹೊಂದಿಸಿ ಗುರಿ ಕೂಡಿಸುವುದನ್ನೇ ಒಂದು ವಿದ್ಯೆಯೆಂದು ಬಗೆದು, ಆ ವಿದ್ಯೆಯನ್ನು ಬೇಟೆಗಿಂತ ದೊಡ್ಡದೆಂದು ನಂಬಿ ನಡೆದವರು ಶ್ರೀ ಸ್ರೆಚ್ಕೊ ರುತಾರ್ ಅವರೊಬ್ಬರೇ. ಮೂವತ್ತೇಳು ವರ್ಷ ಯಾವೋರ್ಚಾ ಬೇಟೆಗಾರರ ಸಂಘದ ಗುರಿ ಮೇಲ್ವಿಚಾರಕರಾಗಿದ್ದು, ಎಪ್ಪತ್ತೈದು ತುಂಬಿದ ಈ ವರ್ಷ ಅವರು ಆ ಹೊಣೆಯನ್ನು ಇಳಿಸಿದ್ದಾರೆ.

ಮರ ಕೊಯ್ಯುವ ಕಾರ್ಖಾನೆಯಲ್ಲಿ ಗರಗಸಕ್ಕೆ ಸಾಣೆ ಹಿಡಿಯುತ್ತಿದ್ದ ಅವರು ಸಂಘಕ್ಕೆ ಬಂದಾಗ ಗುರಿಯ ಬಯಲಿನಲ್ಲಿದ್ದದ್ದು ಒಂದು ಮೇಜು, ಒಂದು ಹಲಗೆ. ಆಗಸ್ಟ್ ತಿಂಗಳ ಕೊನೆಯ ಭಾನುವಾರ ನೂರು ಮೀಟರಿನಿಂದ ಮೂರು ಗುಂಡು ಹೊಡೆದು ತೋರಿಸದೆ ಯಾರೂ ಬೆಟ್ಟ ಹತ್ತುವಂತಿಲ್ಲ ಎಂಬ ಕಟ್ಟಳೆ ಅವರದು. ಅಧ್ಯಕ್ಷ ಫೆರ್ದೊ ಕ್ಲಿನ್ಕೊನ್ ಅವರ ತಂದೆಗೆ ಕೈ ನಡುಗತೊಡಗಿದ ವರ್ಷ, ಕೋವಿ ಊರಲು ಬೀಚ್ ಮರದ ಹೊಟ್ಟು ತುಂಬಿದ ಚೀಲವೊಂದನ್ನು ಹೊಲಿದು ತಂದು, ಯಾರೂ ಬರುವ ಮೊದಲೇ ಮುಂಜಾನೆ ಆರಕ್ಕೆ ಆ ಮುದುಕರನ್ನು ಕೂರಿಸಿ ಹೊಡೆಸಿದ್ದರು.

ಆದರೂ ರುತಾರ್ ಅವರ ದೊಡ್ಡತನ ನಮಗೆ ಪೂರ್ತಿ ತಿಳಿದದ್ದು ಒಂದು ತಪ್ಪಿನಿಂದ. ಇಪ್ಪತ್ತಾರು ವರ್ಷದ ಹಿಂದಿನ ಆ ತಪ್ಪು ಹಲ್ಲಿನ ಡಾಕ್ಟರು ದಾಮಿಯಾನ್ ಕವ್ಚಿಚ್ ಅವರದು.

ಗೋರಿತ್ಸಾ ಪಟ್ಟಣದಿಂದ ಬಂದು ಕಣಿವೆಯಲ್ಲಿ ನೆಲೆಸಿದ ಡಾಕ್ಟರು ಸಂಘಕ್ಕೆ ಸೇರಿ ಆಗ ಎರಡೇ ವರ್ಷ. ರುತಾರ್ ಅವರು ಗುರಿ ಕೂಡಿಸಿಕೊಟ್ಟ ಕೋವಿಯನ್ನೂ ಗುರಿಯ ಕಾಗದವನ್ನೂ ಮನೆಗೆ ತಂದು ನೋಡಿದರೆ, ಮೂರು ತೂತುಗಳು ಒಂದಕ್ಕೊಂದು ತಾಗಿಕೊಂಡಿದ್ದವು. ಆದರೆ ನಡುಬೊಟ್ಟಿಗಿಂತ ನಾಲ್ಕು ಸೆಂಟಿಮೀಟರ್ ಮೇಲೆ. ಪಾಪ, ಹಿರಿಯರಿಗೆ ಕಣ್ಣು ಮಂದವಾಗಿರಬೇಕು ಎಂದುಕೊಂಡರು ಡಾಕ್ಟರು. ಬಾಯಿಬಿಟ್ಟು ಹೇಳಿ ನೋಯಿಸಲು ಮನಸ್ಸು ಬಾರದೆ, ಬುಧವಾರ ಒಬ್ಬರೇ ಗುರಿಯ ಬಯಲಿಗೆ ಹೋಗಿ, ದುರ್ಬೀನಿನ ತಿರುಪನ್ನು ತಿರುಗಿಸಿ, ಗುಂಡನ್ನು ನಡುಬೊಟ್ಟಿಗೇ ಇಳಿಸಿ, ಸಿಳ್ಳೆ ಹಾಕುತ್ತ ಮನೆಗೆ ಬಂದರು.

ಸೆಪ್ಟೆಂಬರಿನಲ್ಲಿ ಕೊರಕಲಿನ ಆಚೆ ನಿಂತಿದ್ದ ಕಾಡುಮೇಕೆಯ ಎದೆಗೆ ಗುರಿಯಿಟ್ಟು ಹೊಡೆದರು. ಅದು ಬೀಳಲಿಲ್ಲ. ಮುಂಗಾಲು ಎಳೆಯುತ್ತ ಕುರುಚಲು ಪೈನ್ ಪೊದೆಗಳೊಳಗೆ ಮರೆಯಾಯಿತು. ಮುಚ್ಚಿಡುವ ಮನುಷ್ಯನಲ್ಲ, ಡಾಕ್ಟರು ನೇರ ರುತಾರ್ ಅವರ ಮನೆಗೆ ಓಡಿದರು.

"ಎಷ್ಟು ದೂರ ಇತ್ತು?"

"ಇನ್ನೂರ ಇಪ್ಪತ್ತು ಮೀಟರು, ಮಾವ."

"ತಿರುಪು ಮುಟ್ಟಿದ್ರಾ?"

"ಸರಿ ಮಾಡ್ದೆ. ನಾಲ್ಕು ಸೆಂಟಿಮೀಟರ್ ಮೇಲಿತ್ತು. ನನ್ನ ಕೆಲಸದಲ್ಲಿ ಅಷ್ಟು ತಪ್ಪಿದ್ರೆ ಹಲ್ಲು ಬಿಟ್ಟು ಮೂಗು ಕಿತ್ತಿರ್ತೀನಿ."

ರುತಾರ್ ಅವರು ನಗಲಿಲ್ಲ, ಬೈಯಲೂ ಇಲ್ಲ. "ಬೂಟು ಗಟ್ಟಿ ಕಟ್ಕೊಳ್ಳಿ ಡಾಕ್ಟ್ರೇ, ನೋವು ತಿಂತಾ ಇದೆ ಅದು," ಎಂದು ನಾಯಿಯನ್ನು ಬಿಚ್ಚಿದರು. ಮರುದಿನ ಮಧ್ಯಾಹ್ನ ಅವರ ನಾಯಿ ಬಿಸ್ತ್ರಾ ಅದನ್ನು ಪತ್ತೆಮಾಡಿತು. ರುತಾರ್ ಅವರು ತಮ್ಮ ಕೋವಿಯನ್ನು ಡಾಕ್ಟರ ಕೈಗಿತ್ತು, ನೋವು ಮುಗಿಸುವ ಕೆಲಸವನ್ನು ಅವರಿಂದಲೇ ಮಾಡಿಸಿದರು. ಬೇಟೆಗಾರರ ವಾಡಿಕೆಯಂತೆ ಸತ್ತ ಪ್ರಾಣಿಯ ಬಾಯಿಗೆ ಕೊನೆಯ ತುತ್ತಾಗಿ ಹಸಿರು ರೆಂಬೆಯಿಟ್ಟರು. ಹೊಡೆದವನ ಟೊಪ್ಪಿಗೆಗೆ ಸಲ್ಲಬೇಕಾದ ಇನ್ನೊಂದು ರೆಂಬೆಯನ್ನು ನಾಯಿಯ ಕೊರಳಪಟ್ಟಿಗೆ ಸಿಕ್ಕಿಸಿದರು. ಡಾಕ್ಟರು ಬರಿಯ ಟೊಪ್ಪಿಗೆಯಲ್ಲೇ ಇಳಿದು ಬಂದರು.

ಸಂಘದ ಸಭೆಯಲ್ಲಿ ಡಾಕ್ಟರನ್ನು ತೆಗೆದುಹಾಕಬೇಕೆಂಬ ಮಾತು ಬಂತು. ಹೊರಗಿನಿಂದ ಬಂದ ತಮ್ಮನ್ನು ಕಣಿವೆ ತನ್ನವನೆಂದುಕೊಂಡದ್ದು ಈ ಸಂಘದಿಂದಲೇ, ಅದೂ ಇವತ್ತಿಗೆ ಮುಗಿಯಿತು ಎಂದುಕೊಂಡಿದ್ದರು ಡಾಕ್ಟರು. ಆಗ ರುತಾರ್ ಅವರು ಎದ್ದರು.

"ತೆಗೀರಿ. ಮೊದಲು ನನ್ನ ಹೆಸರು ಬರ್ಕೊಳ್ಳಿ, ಆಮೇಲೆ ಡಾಕ್ಟ್ರದ್ದು. ಹನ್ನೊಂದು ವರ್ಷದಿಂದ 'ಮುಟ್ಬೇಡಿ, ಮುಟ್ಬೇಡಿ' ಅಂತ ಬಡ್ಕೊಂಡೆ. ಯಾಕೆ ಅಂತ ಒಬ್ಬರಿಗಾದ್ರೂ ಹೇಳಿದೀನಾ? ಫೆರ್ದೊ, ನೀನು ಅಧ್ಯಕ್ಷ, ನೀನೇ ಹೇಳಪ್ಪ. ನಾಲ್ಕು ಸೆಂಟಿಮೀಟರ್ ಮೇಲೆ ಯಾಕಿಡ್ತೀನಿ?"

ಕ್ಲಿನ್ಕೊನ್ ಅವರು ಸೂರು ನೋಡಿದರು. "ಅದೂ... ನಮ್ಮ ಬೆಟ್ಟ ಎತ್ತರ ಇದೆಯಲ್ಲ, ಅದಕ್ಕೆ."

ಸಭೆ ಬಿದ್ದು ಬಿದ್ದು ನಕ್ಕಿತು. ನಕ್ಕವರಲ್ಲಿ ಉತ್ತರ ಗೊತ್ತಿದ್ದವರು ಒಬ್ಬರೂ ಇರಲಿಲ್ಲ. ಕೊನೆಗೆ ಡಾಕ್ಟರಿಗೆ ಆದ ಶಿಕ್ಷೆ ಇಷ್ಟು: ಒಂದು ವರ್ಷ ಕೋವಿಯಿಲ್ಲ, ಕಾಡುಮೇಕೆಗಳಿಗೆ ನೆಕ್ಕಲು ಬೆಟ್ಟಕ್ಕೆ ಉಪ್ಪು ಹೊರುವುದು. ಎರಡನೆಯ ಮೂಟೆ ಹೊತ್ತು ವರ್ಷವಿಡೀ ಜೊತೆಗೆ ನಡೆದವರು ರುತಾರ್ ಅವರೇ.

ಸಭೆಯ ಮುಂದಿನ ಭಾನುವಾರವೇ ಅವರು ಗುರಿಯ ಬಯಲಿನುದ್ದಕ್ಕೂ ನೆಟ್ಟಗೆ ಒಂದು ದಾರ ಬಿಗಿದರು: ಅದು ಕಣ್ಣಿನ ದಾರಿ. ಹತ್ತಿರದಲ್ಲೇ ಗೂಟಗಳ ಮೇಲೆ ಬಾಗಿಸಿ ಬಟ್ಟೆ ಒಣಹಾಕುವ ಹಗ್ಗ ಕಟ್ಟಿ, ಕಾಣಲೆಂದು ಅದಕ್ಕೆ ಸಾಕ್ಸುಗಳನ್ನು ನೇತುಹಾಕಿದರು: ಅದು ಗುಂಡಿನ ದಾರಿ, ಏರಿಳಿತವನ್ನಷ್ಟೇ ಹಿಗ್ಗಿಸಿದ್ದು. ದುರ್ಬೀನಿನ ಕೆಳಗಿನ ನಳಿಗೆಯಿಂದ ಹೊರಟ ಗುಂಡು ದಾರವನ್ನು ದಾಟಿ ಮೇಲೇರಿ, ನೂರು ಮೀಟರಿನಲ್ಲಿ ನಾಲ್ಕು ಸೆಂಟಿಮೀಟರ್ ಮೇಲೆ ಹಾಯ್ದು, ನೂರ ಎಂಬತ್ತರ ಸುಮಾರಿಗೆ ಮತ್ತೆ ದಾರಕ್ಕೆ ಬಂದು, ಅಲ್ಲಿಂದ ಜಾರತೊಡಗುತ್ತದೆ. ನೂರರಲ್ಲೇ ನಡುಬೊಟ್ಟಿಗೆ ಇಳಿಸಿದ ಕೋವಿಯ ಗುಂಡು ಇನ್ನೂರ ಇಪ್ಪತ್ತಕ್ಕೆ ಹೋಗುವಷ್ಟರಲ್ಲಿ ಗೇಣಿನ ಮುಕ್ಕಾಲಷ್ಟು ಕುಸಿದಿರುತ್ತದೆ, ಎದೆಯಿರಬೇಕಾದಲ್ಲಿ ಕಾಲಿರುತ್ತದೆ.

"ಗುಂಡಿನ ದಾರಿ ತೋರಿಸೋಕೆ ನನ್ನ ಹಗ್ಗವೇ ಆಗ್ಬೇಕಿತ್ತಾ?" ಎಂದರು ಅವರ ಮಡದಿ ಮಿಲ್ಕಾ.

"ಈ ಊರಲ್ಲಿ ಸರಿಯಾಗಿ ಬಾಗೋದು ಅದೊಂದೇ ಕಣೇ. ಮಿಕ್ಕವರೆಲ್ಲ ವಾದ ಮಾಡ್ತಾರೆ."

ಅಂದಿನಿಂದ ಹೊಸ ಕಟ್ಟಳೆ: ಯಾಕೆ ಎಂಬುದನ್ನು ಮೇಲ್ವಿಚಾರಕರು ಪೂರ್ತಿ ಹೇಳದೆ ಯಾರಿಗೂ ಕೋವಿ ಹಿಂದಿರುಗಿಸುವಂತಿಲ್ಲ.

ಈ ಆಗಸ್ಟಿನಲ್ಲಿ ಮೇಲ್ವಿಚಾರಕರ ಕುರ್ಚಿಯಲ್ಲಿ ಕುಳಿತವರು ಡಾಕ್ಟರು ಕವ್ಚಿಚ್. ಸಾಲಿನಲ್ಲಿ ನಿಂತು ಬಂದ ರುತಾರ್ ಅವರು ಮೂರು ಗುಂಡು ಹೊಡೆದರು. ಮೂರೂ ನಾಲ್ಕು ಸೆಂಟಿಮೀಟರ್ ಮೇಲೆ. ಕೋವಿಗೆ ಕೈ ಚಾಚಿದಾಗ ಡಾಕ್ಟರು ಕೊಡಲಿಲ್ಲ.

"ಮೊದಲು ಕೇಳಿಸ್ಕೊಳ್ಳಿ, ಮಾವ. ಎಲ್ಲರಿಗೂ ಒಂದೇ ಕಟ್ಟಳೆ."

ಅವರು ಟೊಪ್ಪಿಗೆ ತೆಗೆದು ನಿಂತು, ಮೊದಲಿನಿಂದ ಕೊನೆಯವರೆಗೆ ಕೇಳಿದರು. ಮುಗಿದ ಮೇಲೆ, "ಚೆನ್ನಾಗಿ ಹೇಳ್ತೀರಿ ಡಾಕ್ಟ್ರೇ," ಎಂದರು, "ಆ ಗುಂಡು ಜಾರೋ ಭಾಗ ಇನ್ನೊಂದ್ಸಲ ಹೇಳಿ."

ಅವರಿಗೆ ಅದನ್ನು ಪ್ರತಿ ಆಗಸ್ಟಿನಲ್ಲೂ, ಇನ್ನೂ ಇಪ್ಪತ್ತೈದು ಸಲ, ಹೇಳುವ ಭಾಗ್ಯ ನಮ್ಮ ಸಂಘದ್ದಾಗಲಿ.