ತೊಗರಿಯಾದ ನನ್ನ ಹೂವು

ನಮ್ಮ ಕಡೆ ಸರ್ಕಾರದವರು ಬಂದು ಹೊಲದಲ್ಲಿ ಏನು ಬೆಳೆದಿದ್ದೀರಿ ಎಂದು ಕೇಳಿದರೆ ಗಂಡಸರ ಬಾಯಿಂದ ತಾನಾಗಿ ಬರುವ ಉತ್ತರ ಒಂದೇ: "ತೊಗರಿ ರೀ." ಹೊಲದಲ್ಲಿ ಜೋಳವಿರಲಿ, ಬದನೆಯಿರಲಿ, ಬರೆಸುವುದು ತೊಗರಿ. ವಿಮೆ ಬಂದರೆ ತೊಗರಿಗೇ ಬರುತ್ತದೆ ಎಂಬ ನಂಬಿಕೆ. ಬೆಳೆ ಸಮೀಕ್ಷೆಯವನು ಬಂದ ದಿನ ನನ್ನ ಯಜಮಾನರು ಬೇವಿನ ನೆರಳಲ್ಲಿ ಮಜ್ಜಿಗೆ ಕುಡಿಯುತ್ತ, ನನ್ನ ಅರ್ಧ ಎಕರೆ ಚೆಂಡುಹೂವನ್ನೂ ತೊಗರಿ ಮಾಡಿಬಿಟ್ಟರು. ಅವನೋ ಬಿಸಿಲಿಗೆ ಹೆದರಿ ಪಕ್ಕದ ತೊಗರಿ ಸಾಲಿನ ಫೋಟೊ ಹೊಡೆದುಕೊಂಡು ಹೋದ.

ಆ ಅರ್ಧ ಎಕರೆ ಅತ್ತೆ ನನ್ನ ಹೆಸರಿಗೆ ಬರೆದುಕೊಟ್ಟದ್ದು. ತವರೂರು ಖಜೂರಿಯಿಂದ ಬೀಜ ತಂದು ಹೂವು ಹಾಕಿದವಳು ನಾನು. ಬುಟ್ಟಿ ತುಂಬಿ ಬಸ್ಸಿಗೆ ಏರಿಸಿದರೆ ಕಲಬುರಗಿಯಲ್ಲಿ ಗುಡಿಗೂ ದರ್ಗಾಕ್ಕೂ ನನ್ನದೇ ಹೂವು. ಕೊರೊನಾ ಬಂತು ನೋಡಿ, ಬಸ್ಸು ನಿಂತಿತು, ಗುಡಿ ದರ್ಗಾ ಎರಡೂ ಮುಚ್ಚಿದವು, ಮದುವೆಗಳೂ ನಿಂತವು. ಹೂವು ಗಿಡದಲ್ಲೇ ಕಪ್ಪಾಯಿತು.

ಹೂವು ಬೆಳೆದವರಿಗೆ ಸರ್ಕಾರ ಪರಿಹಾರ ಕೊಡುತ್ತದೆ ಎಂದು ಟಿವಿಯಲ್ಲಿ ಹೇಳಿದರು. ಮಗಳ ಸ್ಕೂಟಿ ಏರಿ ಅಫಜಲಪುರದ ತೋಟಗಾರಿಕೆ ಕಚೇರಿಗೆ ಓಡಿದೆ. ಅಧಿಕಾರಿ ಕಂಪ್ಯೂಟರ್ ನೋಡಿ, "ಇಲ್ಲಿ ತೊಗರಿ ಅಂತ ಅದ ಅಲ್ಲಮ್ಮ," ಎಂದರು.

"ಗಿಡ ಇನ್ನಾ ಹೊಲದಾಗ ನಿಂತಾವ ರೀ. ಬಂದು ನೋಡ್ರಿ," ಎಂದೆ.

"ನಿಂತಿದ್ದರ ಬರ್ತೇನಿ. ಕಿತ್ತಿದ್ದರ ನನ್ನ ಕೈಯಾಗ ಏನಿಲ್ಲ," ಎಂದರು.

ಮನೆಗೆ ಬಂದರೆ ಯಜಮಾನರು ಆಗಲೇ ಟ್ರ್ಯಾಕ್ಟರ್ ಹೇಳಿಟ್ಟಿದ್ದರು. "ಸಾಕು ಬಿಡು ಬೇ ಆ ಹೂವಿನ ಹುಚ್ಚು. ಅಲ್ಲೂ ತೊಗರಿ ಬಿತ್ತೋಣು," ಎಂದರು. ನನ್ನ ಮೈಯೆಲ್ಲ ಉರಿದುಹೋಯಿತು.

"ಸಾಹೇಬ್ರು ಬರೋದ್ರಾಗ ಟ್ರ್ಯಾಕ್ಟರ್ ಬಂದ್ರ ಅದರ ಮುಂದ ಮಲಗ್ತೇನಿ! ಪರಿಹಾರ ಬರಲಿಲ್ಲಂದ್ರ ಎತ್ತಿಟ್ಟ ಹೂವಿನ ಬೀಜ ಒಲಿಗೆ ಹಾಕ್ತೇನಿ, ಬೇಕಾದ್ದು ಬಿತ್ತಕೊಳ್ರಿ. ಬಂತಂದ್ರ ನನ್ನ ಹೊಲದ ಸುದ್ದಿಗೆ ಬರಬ್ಯಾಡ್ರಿ!"

"ಆಗ್ಲಿ ತಾಯಿ," ಎಂದು ನಕ್ಕರು.

ಹದಿನೈದು ದಿನ ಒಣಗಿದ ಗಿಡಗಳನ್ನು ಕಾದೆ. ದಾರಿಯಲ್ಲಿ ಹೋಗುವವರು, "ಏನ್ರಿ ಅಕ್ಕಾರ, ಕಸ ಕಾಯಾಕತ್ತೀರೇನು?" ಎಂದು ಚುಡಾಯಿಸುತ್ತಿದ್ದರು. ಬಾಯಿಗೆ ಬಂದದ್ದು ಅಂದು ಕಳಿಸುತ್ತಿದ್ದೆ. ಒಳಗೊಳಗೆ ಮಾತ್ರ ಅಳುಕು. ಸಾಹೇಬರು ಬರದೇ ಹೋದರೆ ಬೀಜವನ್ನು ನಿಜವಾಗಿಯೂ ಒಲೆಗೆ ಹಾಕಬೇಕಲ್ಲ.

ಬಂದರು. ಸುಟ್ಟಂತಿದ್ದ ಗಿಡ ನೋಡಿ ಅನುಮಾನದಿಂದ ನಿಂತರು. ಯಜಮಾನರು ಬೇವಿನ ಕೆಳಗೆ ಕುಳಿತು ನೋಡುತ್ತಿದ್ದರು. ನಾನು ಒಂದು ಒಣ ಹೂ ಕಿತ್ತು, ಅಂಗೈಯಲ್ಲಿ ಗಸಗಸ ತಿಕ್ಕಿ ಅಧಿಕಾರಿಯ ಮುಂದೆ ಹಿಡಿದೆ. ಮಾಸ್ಕಿನೊಳಗೂ ಆ ಘಾಟು ಹೊಕ್ಕಿರಬೇಕು.

"ತೊಗರಿ ಹಿಂಗ ನಾರತದೇನ್ರಿ ಸಾಹೇಬ್ರ?"

ಅವರು ನಕ್ಕೇಬಿಟ್ಟರು. ಗಿಡಗಳ ಫೋಟೊ ತೆಗೆದುಕೊಂಡು, ತೊಗರಿ ಹೊಡೆದುಹಾಕಿ ಹೂವು ಎಂದು ಬರೆದರು.

ಮಳೆ ಶುರುವಾಗುವ ಹೊತ್ತಿಗೆ ಪರಿಹಾರ ಬಂತು. ನನ್ನ ಖಾತೆಗೆ, ನನ್ನ ಹೆಸರಿಗೆ! ಯಜಮಾನರು ಮೊಬೈಲ್ ಇಸಿದುಕೊಂಡು ಎರಡೆರಡು ಸಲ ಓದಿದರು. ನಾನು ಓಣಿಗೆಲ್ಲ ಸಕ್ಕರೆ ಹಂಚಿದೆ, ಕಸ ಎಂದವರ ಮನೆಗೇ ಮೊದಲು.

ಮುಂದಿನ ಸಲ ಸಮೀಕ್ಷೆಯವನು ಬಂದಾಗ ನಾನು ಗಿಡಗಳ ನಡುವೆ ಕಳೆ ತೆಗೆಯುತ್ತಿದ್ದೆ. ಬೇವಿನ ಕೆಳಗಿನಿಂದ ಯಜಮಾನರ ಧ್ವನಿ ಕೇಳಿತು: "ತೊಗರಿ ಈ ಕಡಿ ಅದ. ಆ ಕಡಿ ಹೂವು. ಅದು ಆಕೀ ಹೊಲ, ಆಕೀನ್ನೇ ಕೇಳ್ರಿ."

ಇಷ್ಟು ವರ್ಷದ ಸಂಸಾರದಲ್ಲಿ ಹೊಲದ ಮಾತಿಗೆ ಅವರು ನನ್ನ ಕಡೆ ಕೈ ತೋರಿಸಿದ್ದು ಅದೇ ಮೊದಲು. ಕುಡುಗೋಲು ಕೆಳಗಿಟ್ಟು, ಸೆರಗು ಸರಿಮಾಡಿಕೊಂಡು, ನನ್ನ ಹೂವಿನ ಜೊತೆ ಫೋಟೊಕ್ಕೆ ನಿಂತೆ.