ಚಿಕ್ಕಹನುಮಂತಪ್ಪನ ಸಾಹೇಬರು

ಚನ್ನಗಿರಿಯ ಲಾರಿ ಚಾಲಕ ಚಿಕ್ಕಹನುಮಂತಪ್ಪ ಹಳೆಯ ಲಾರಿಯನ್ನು ಏಕವಚನದಲ್ಲೇ ಬೈಯುತ್ತಿದ್ದ. ಗೇರನ್ನು ತಾನೇ ಬದಲಿಸಿಕೊಳ್ಳುವ ಈ ಹೊಸ ಲಾರಿಗೆ ಮಾತ್ರ ಬಹುವಚನ. "ಸಾಹೇಬ್ರಿಗೆ ಮನಸ್ಸು ಬಂದ್ರೆ ಓಡ್ತಾರೆ, ಇಲ್ಲಾಂದ್ರೆ ಯೋಚ್ನೆ ಮಾಡ್ತಾರೆ." ಜಗಳೂರಿನಿಂದ ಮೆಕ್ಕೆಜೋಳ ಹೇರಿಕೊಂಡು ಏರು ಹತ್ತುವಾಗ, ಇನ್ನೇನು ವೇಗ ಬಂತು ಅನ್ನುವಷ್ಟರಲ್ಲಿ ಸಾಹೇಬರು ಗೇರು ಬದಲಿಸಿ ಉಸಿರು ಕಟ್ಟಿಸುತ್ತಾರೆ. ಇಳಿಜಾರಿನಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಸಾಕು, ಎಂಜಿನ್ ಬ್ರೇಕ್ ತಾನಾಗಿಯೇ ಹಿಡಿದು ಅವನ ಹಣೆ ಸ್ಟೇರಿಂಗಿಗೆ ಸಲಾಮು ಹೊಡೆಯುತ್ತದೆ. ಸರ್ವೀಸಿನವರು ಕಂಪ್ಯೂಟರ್ ಹಚ್ಚಿ ನೋಡಿ, "ದೋಷ ಏನಿಲ್ಲ ಅಣ್ಣಾ, ಅದರ ಗುಣಾನೇ ಹಂಗೆ" ಎಂದಾಗಲೆಲ್ಲ, "ನಮ್ಮ ಮಾವನ ವಿಷಯದಾಗೂ ಊರೋರು ಇದನ್ನೇ ಹೇಳಿದ್ರು" ಎಂದು ಗೊಣಗುತ್ತಾನೆ. ಮನೆಗೆ ಬಂದು ಎಡಗಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಕೂತರೆ ಹೆಂಡತಿ ಸಾವಂತ್ರಮ್ಮ ಕೆಣಕುತ್ತಾಳೆ: "ಎಡಗಾಲಲ್ಲಿ ತುಳಿಯೋ ಕ್ಲಚ್ಚೇ ಇಲ್ಲ ಅಂತೀರಿ, ಎಡಗಾಲು ಯಾಕ್ರೀ ನೋಯ್ತೈತೆ?" ಎಂಜಿನ್ ಬ್ರೇಕ್ ಹಿಡಿದಾಗ ಈ ಲಾರಿಯ ಹಿಂದಿನ ಕೆಂಪು ದೀಪ ಉರಿಯುವುದಿಲ್ಲ. ಅದಕ್ಕೇ ಅವನು ಹೊನ್ನಾಳಿ, ನ್ಯಾಮತಿಯ ಇಳಿಜಾರುಗಳಲ್ಲೆಲ್ಲ ಎಡಗಾಲನ್ನು ಬ್ರೇಕ್ ಪೆಡಲಿನ ಮೇಲೆ, ಬ್ರೇಕ್ ಹಿಡಿಯದಂತೆ, ದೀಪ ಉರಿಯುವಷ್ಟು ಮಾತ್ರ ಒತ್ತಿ ಹಿಡಿದಿರುತ್ತಾನೆ. "ಸಾಹೇಬ್ರು ಹೇಳದೆ ಕೇಳದೆ ನಿಧಾನ ಆಗ್ತಾರೆ ಕಣೇ," ಎನ್ನುತ್ತಾನೆ, "ಹಿಂದೆ ಬೈಕಿನಾಗೆ ಮಕ್ಕಳನ್ನ ಕೂರಿಸ್ಕೊಂಡು ಬರೋರಿಗೆ ಯಾರಾದ್ರೂ ಹೇಳ್ಬೇಕಲ್ಲ."